ಬಿಳಿ ಸೀಟಿಗೆ ಹತ್ತಿದ ನೀಲಿ

ಪುಣೆಯ ನಾನಾ ಪೇಟೆಯಲ್ಲಿ ನಾನು ಸೀಟು ಹೊಲಿಯಲು ಕೂತ ಹೊಸದರಲ್ಲಿ ಬಿಳಿ ರೆಕ್ಸಿನ್ ಕೇಳಿಕೊಂಡು ಬರುವ ಗಿರಾಕಿಗಳೇ ಇರಲಿಲ್ಲ. 1972ರಲ್ಲಿ ರಸ್ತೆಗೆ ಬಂದ ಬಜಾಜ್ ಚೇತಕ್ ಇಲ್ಲೇ ಆಕುರ್ಡಿಯಲ್ಲಿ ತಯಾರಾಗುತ್ತಿತ್ತು. ಅದರ ಸೀಟು ಕಪ್ಪು. ರಿಕ್ಷಾದ ಸೀಟೂ ಕಪ್ಪು, ಇಲ್ಲವೆ ಕಾಫಿಪುಡಿ ಬಣ್ಣ. ಕಪ್ಪು ಗ್ರೀಸನ್ನು ಮರೆಸುತ್ತದೆ, ಎಲೆಅಡಿಕೆಯ ಹನಿಯನ್ನು ಮರೆಸುತ್ತದೆ, ಮಳೆಯಲ್ಲಿ ನೆಂದ ಪ್ಯಾಂಟು ಬಿಟ್ಟ ಬಣ್ಣವನ್ನೂ ಮರೆಸುತ್ತದೆ. ಬಿಳಿ ಕಾಣುತ್ತಿದ್ದದ್ದು ಸಾಹೇಬರ ಅಂಬಾಸಿಡರ್ ಕಾರುಗಳಲ್ಲಿ. ಅದೂ ಸೀಟಿನ ಮೇಲೆ ಹಾಸಿದ ಟರ್ಕಿ ಟವೆಲ್ಲಿನ ಬಿಳಿ, ಕೊಳೆಯಾದರೆ ಬಿಚ್ಚಿ ಧೋಬಿಗೆ ಕೊಡಬಹುದಾದ ಬಿಳಿ. ಬಿಚ್ಚಿ ಒಗೆಯಲು ಬಾರದ ಬಿಳಿಯನ್ನು ಸೀಟಿಗೆ ಬಡಿಯುವುದು ಬುದ್ಧಿವಂತರ ಕೆಲಸವಲ್ಲ ಎಂದು ನನಗೆ ಕೆಲಸ ಕಲಿಸಿದ ಕಾಕಾ ಹೇಳುತ್ತಿದ್ದರು. ಅವರ ಕಾಲಕ್ಕೆ ಅದು ಸರಿಯಾದ ಮಾತೇ ಆಗಿತ್ತು.

ಆ ಬಿಳಿ ಪೇಟೆಗೆ ಬಂದದ್ದು ನೀರಿನ ಕಡೆಯಿಂದ. ಖಡಕ್‌ವಾಸ್ಲಾ, ಪಾನ್‌ಶೇತ್ ಕಡೆಯ ಜಲಾಶಯಗಳಿಗೆ ಶನಿವಾರ ರವಿವಾರ ಜನ ಹರಿದು ಹೋಗತೊಡಗಿ, ಅಲ್ಲಿ ಫೈಬರ್ ಮೈಯ ಮೋಟಾರ್ ದೋಣಿಗಳು ನೀರಿಗಿಳಿದವು. ದೋಣಿಯ ಮೇಲೆ ನೆರಳಿಲ್ಲ. ಏಪ್ರಿಲ್ ಬಿಸಿಲಿಗೆ ಕಾದ ಕಪ್ಪು ರೆಕ್ಸಿನ್ ಬರಿಗಾಲಿಗೆ ತಾಗಿದರೆ ಚರ್ಮ ಸುಡುತ್ತದೆ. ಬಿಳಿ ಅಷ್ಟು ಕಾಯುವುದಿಲ್ಲ. ಹೀಗಾಗಿ ದೋಣಿಯವರಿಗೆ ಬಿಳಿಯೇ ಬೇಕು. ಅವರ ಸೀಟುಗಳು ಸ್ಕ್ರೂ ಬಿಚ್ಚಿಸಿಕೊಂಡು ಟೆಂಪೋ ಹತ್ತಿ ನಮ್ಮ ಅಂಗಡಿಗೆ ಬಂದಾಗ ಹೊಲಿಗೆ ಗಟ್ಟಿಯಾಗಿಯೇ ಇರುತ್ತಿತ್ತು, ಫೋಮ್ ಕೂಡ ಚೆನ್ನಾಗಿರುತ್ತಿತ್ತು. ಕೆಟ್ಟದ್ದು ಒಂದೇ: ಕೂತವರ ತೊಡೆಯ ಅಚ್ಚು ತಿಳಿನೀಲಿಯಾಗಿ ಬಿಳಿಯ ಮೇಲೆ ಕೂತಿರುತ್ತಿತ್ತು. ‘ಅಣ್ಣಾ, ನಿರ್ಮಾ ಹಾಕಿ ಉಜ್ಜಿದೆ, ವಿಮ್ ಹಾಕಿ ಉಜ್ಜಿದೆ, ಮೊದಲಿದ್ದದ್ದಕ್ಕಿಂತ ಇನ್ನೂ ಒಳಗೇ ಇಳಿದ ಹಾಗಿದೆ’ ಎಂದು ಗಿರಾಕಿ ಹೇಳುತ್ತಾರೆ. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ಬಣ್ಣ ನಿಜಕ್ಕೂ ಒಳಗೆ ಇಳಿದಿರುತ್ತದೆ.

ಪುಣೆಯಲ್ಲಿ ದೋಣಿ ಎಂದರೆ ಹೊಸಬರಿಗೆ ನಗು ಬರುತ್ತದೆ. ಸಮುದ್ರ ಘಟ್ಟದ ಕೆಳಗೆ, ಊರು ಬಯಲಿನಲ್ಲಿ. ಆದರೆ ಮುಳಾ, ಮುಠಾ ಎಂಬ ಎರಡು ಹೊಳೆಗಳು ಊರೊಳಗೇ ಕೂಡುತ್ತವೆ. ಕೂಡಿದ ಹೊಳೆಗೆ ಸರ್ ಜಮ್‌ಶೆಟ್‌ಜಿ ಜೀಜೀಭಾಯ್ ಕೊಟ್ಟ ಹಣದಿಂದ 1850ರಲ್ಲಿ ಒಂದು ಒಡ್ಡು ಕಟ್ಟಿದರು. ಬಂಡ್ ಗಾರ್ಡನ್ ಎಂಬ ತೋಟದ ಹೆಸರಿನಲ್ಲಿ ಆ ಒಡ್ಡು ಇನ್ನೂ ಉಳಿದಿದೆ. ಒಡ್ಡಿನ ಹಿಂದೆ ನೀರು ಸಮತಟ್ಟಾಗಿ ನಿಂತದ್ದೇ ದಂಡಿನ ಇಂಗ್ಲಿಷರಿಗೆ ಹುಟ್ಟು ಹಾಕುವ ಆಸೆ ಹುಟ್ಟಿತು. 1868ರಲ್ಲಿ ಅವರ ಬೋಟ್ ಕ್ಲಬ್ ಆರಂಭವಾಯಿತು. ಮುಂದೆ ರಾಯಲ್ ಕನಾಟ್ ಎಂಬ ಹೆಸರು ಪಡೆದ ಆ ಕ್ಲಬ್ಬಿನಿಂದಲೇ ಬೋಟ್ ಕ್ಲಬ್ ರಸ್ತೆ ಎಂಬ ಹೆಸರು ಬಂದದ್ದು. ಸಂಗಮದ ಈಚೆ ದಂಡೆಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರು 1928ರಲ್ಲಿ ತಮ್ಮದೇ ಬೋಟ್ ಕ್ಲಬ್ ಮಾಡಿಕೊಂಡರು. ಅವರ ರೆಗಟ್ಟಾ ನೋಡಲು ಈಗಲೂ ದಂಡೆಯ ತುಂಬ ಜನ ಸೇರುತ್ತಾರೆ. ಕತ್ತಲಾದ ಮೇಲೆ ಪಂಜು ಹಿಡಿದು ಮಾಡುವ ಆಟ ನೋಡದೆ ಯಾರೂ ಏಳುವುದಿಲ್ಲ.

ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ಇದೇ ಕಾಲೇಜಿನಲ್ಲಿ. ಆಗ ಅದಕ್ಕೆ ಕಾಲೇಜ್ ಆಫ್ ಸೈನ್ಸ್ ಎಂಬ ಹೆಸರಿತ್ತು. 1883ರಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾಗಿ ಪಾಸಾದರು. ಇಂದು ದೋಣಿಗಳು ತೇಲುವ ಖಡಕ್‌ವಾಸ್ಲಾದ ನೀರಿಗೂ ಅವರ ಕೈ ತಾಗಿದೆ. 1879ರಲ್ಲಿ ಮುಗಿದ ಆ ಕಲ್ಲಿನ ಅಣೆಕಟ್ಟೆಗೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಅವರು ಕೂರಿಸಿದರು. ಅದರಿಂದ ಒಡ್ಡನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಲು ಆಯಿತು. ಕೃಷ್ಣರಾಜಸಾಗರದ ಗೇಟುಗಳ ಕತೆ ಗೊತ್ತಿರುವ ಎಷ್ಟೋ ಕನ್ನಡಿಗರಿಗೆ ಅದರ ಮೊದಲ ಪಾಠ ಪುಣೆಯ ಪಕ್ಕದಲ್ಲಿ ನಡೆದದ್ದು ಗೊತ್ತಿರುವುದಿಲ್ಲ. ಅಲ್ಲಿಂದ ಮೇಲಕ್ಕೆ ಪಾನ್‌ಶೇತ್. 1961ರ ಜುಲೈ 12ರಂದು ಒಡೆದು ಅರ್ಧ ಪುಣೆಯನ್ನು ಕೊಚ್ಚಿಕೊಂಡು ಹೋದ ಅಣೆಕಟ್ಟು ಅದು. ಇಲ್ಲಿನ ಮುದುಕರು ಇವತ್ತಿಗೂ ಮಾತಿನಲ್ಲಿ ‘ಪಾನ್‌ಶೇತಿಗೆ ಮೊದಲು, ಆಮೇಲೆ’ ಎಂದು ಕಾಲ ಎಣಿಸುತ್ತಾರೆ. ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದ ನೀರಿನ ಮೇಲೆಯೇ ಈಗ ರವಿವಾರದ ದೋಣಿಗಳು ಓಡುತ್ತವೆ.

ಹುಟ್ಟು ಹಾಕುವ ದೋಣಿಗೆ ಕಲೆಯ ಚಿಂತೆಯಿಲ್ಲ. ಅದರ ಸೀಟು ಮರದ್ದು, ಹಿಂದೆ ಮುಂದೆ ಜಾರುವ ಸಣ್ಣ ಹಲಗೆ. ಮರ ಕಪ್ಪಾದರೆ ಕೆರೆದು ವಾರ್ನಿಷ್ ಬಳಿದರಾಯಿತು. ಚಿಂತೆ ಬಂದದ್ದು ಕೂತು ಸುತ್ತಾಡುವ ದೋಣಿಯ ಜೊತೆ, ಮೆತ್ತನೆಯ ಸೀಟಿನ ಜೊತೆ.

ಇನ್ನು ನನ್ನ ಮನೆತನದ ವಿಷಯ ಹೇಳಬೇಕು, ಏಕೆಂದರೆ ಈ ಕಲೆಯನ್ನು ನಾನು ನೋಡುವ ಕಣ್ಣು ಅಲ್ಲಿಂದ ಬಂದದ್ದು. ನಾವು ಇಳಕಲ್ ಕಡೆಯ ನೀಲಗಾರರು. ನೇಕಾರರ ನೂಲಿಗೆ ನೀಲಿ ಹಾಕಿಕೊಡುವುದು ನಮ್ಮವರ ಕಸುಬು. ಹಿರಿಯರ ಕಾಲದಲ್ಲಿ ನೆಲದಲ್ಲಿ ಕುತ್ತಿಗೆತನಕ ಹೂತ ದೊಡ್ಡ ಹರವಿಗಳಿದ್ದವಂತೆ. ನೀಲಿಯ ಗಟ್ಟಿಯನ್ನು ನೆನೆಸಿ ಅರೆದು, ಸುಣ್ಣದ ತಿಳಿ, ಚೌಳು ನೀರು, ಬೇಯಿಸಿದ ತಗಚಿ ಬೀಜ ಹಾಕಿ ಹುಳಿಯಲು ಬಿಡುತ್ತಿದ್ದರು. ನೀಲಿಯಾಗಿದ್ದ ನೀರು ದಿನಗಳೆದಂತೆ ಹಸಿರುಮಿಶ್ರಿತ ಹಳದಿಗೆ ತಿರುಗಿ, ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿದರೆ ಹರವಿ ‘ಬಂತು’ ಎಂದರ್ಥ. ನೂಲಿನ ಲಡಿ ಅದರಲ್ಲಿ ಮುಳುಗಿ ಮೇಲೆ ಬಂದಾಗ ಹಸಿರು. ಗಾಳಿ ತಾಗುತ್ತಲೇ ಕಣ್ಣೆದುರೇ ನೀಲಿಯಾಗುತ್ತದೆ. ಚಂದ್ರಕಾಳಿ ಸೀರೆಯ ಕಡುಗಪ್ಪು ಬರಬೇಕಾದರೆ ಮುಳುಗಿಸುವುದು, ಹಿಂಡುವುದು, ಗಾಳಿಗೆ ಹರವುವುದು ಮತ್ತೆ ಮತ್ತೆ ನಡೆಯಬೇಕು. ಆ ಕಪ್ಪು ಸೀರೆಯನ್ನೇ ಪುಣೆಯ ಹೆಣ್ಣುಮಕ್ಕಳು ಸಂಕ್ರಾಂತಿಗೆ ಉಡುತ್ತಿದ್ದದ್ದು.

ಅಜ್ಜನ ಕಾಲಕ್ಕೆ ಹರವಿ ಹೋಗಿ ಡಬ್ಬಿಯ ಬಣ್ಣ, ಕಾಸ್ಟಿಕ್, ಹೈಡ್ರೋಸ್ ಬಂದಿದ್ದವು. ತಗಚಿ ಬೀಜ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಹೈಡ್ರೋಸ್ ಕೂತು ಏಳುವುದರಲ್ಲಿ ಮಾಡುತ್ತಿತ್ತು. ಅಜ್ಜ ಒಂದು ಮಾತು ಬಿಡದೆ ಹೇಳುತ್ತಿದ್ದ: ‘ಮ್ಯಾಲೆ ಕುಂತ ಬಣ್ಣ ಬಣ್ಣಲ್ಲ ತಮ್ಮಾ. ಅದು ಕರಗಿ ಒಳಗ ಹೋಗಬೇಕು, ಒಳಗ ಹೋದಮ್ಯಾಲೆ ಗಟ್ಟಿ ಆಗಬೇಕು.’ ನೀಲಿಯ ಗುಟ್ಟೆಲ್ಲ ಇಷ್ಟರಲ್ಲೇ ಇದೆ. ಕರಗುವ ರೂಪದಲ್ಲಿ ನೂಲಿನೊಳಗೆ ಹೊಕ್ಕು, ಗಾಳಿ ತಾಗಿ ಕರಗದ ರೂಪಕ್ಕೆ ಮರಳಿ, ಹೊರಗೆ ಬರಲಾರದೆ ಅಲ್ಲೇ ಉಳಿಯುತ್ತದೆ.

ಅಜ್ಜನ ಈ ಮಾತನ್ನು ನಾನು ದೋಣಿಯ ಸೀಟಿಗೆ ಹಚ್ಚಿ ನೋಡಿದೆ. ಅಲ್ಲಿ ಕಂಡ ನೀಲಿಯನ್ನು ಕೊಳೆ ಎಂದು ತಿಳಿದು ಉಜ್ಜುವವರು ಸೋಲುತ್ತಾರೆ. ಯಾರೂ ಬೇಕೆಂದು ಮಾಡದಿದ್ದರೂ ಸೀಟಿಗೆ ಬಣ್ಣ ಹಾಕಿದ್ದಾಗಿದೆ. ಮೈಯ ಬಿಸಿ, ಬೆವರು, ಬಿಸಿಲು, ಗಂಟೆಗಟ್ಟಲೆ ಕೂತ ಭಾರ ಎಲ್ಲ ಸೇರಿ ಬಣ್ಣಗಾರನ ಕೆಲಸ ಮಾಡಿವೆ. ಹಾಗಾದ ಮೇಲೆ ಅದನ್ನು ತೆಗೆಯುವವನೂ ಬಣ್ಣಗಾರನ ಹಾಗೆಯೇ ಯೋಚಿಸಬೇಕು: ಇದು ಯಾವ ಬಣ್ಣ, ಯಾವುದರಲ್ಲಿ ಕರಗಿ ಒಳಗೆ ಹೋಯಿತು, ಯಾವುದರಲ್ಲಿ ಕರಗಿ ಹೊರಗೆ ಬಂದೀತು?

ಹಳೆಯ ಪುಣೆಯಲ್ಲಿ ಕಲೆಯ ಪಂಡಿತರೆಂದರೆ ಅಗಸರು. ಇಲ್ಲಿ ಅವರಿಗೆ ಪರೀಟ ಎನ್ನುತ್ತಾರೆ. ಕ್ಯಾಂಪಿನ ಧೋಬಿ ಘಾಟ್ ಇನ್ನೂ ಊರಿನ ವಿಳಾಸಗಳಲ್ಲಿ ಬದುಕಿದೆ. ನಮ್ಮ ಕಡೆಯ ಮಡಿವಾಳರ ಹಾಗೆ ಅವರೂ ಚೌಳುಮಣ್ಣಿನಲ್ಲಿ ಅದ್ದಿ, ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿ, ಕಲ್ಲಿಗೆ ಒಗೆದು, ಹುಲ್ಲಿನ ಮೇಲೆ ಬಿಸಿಲಿಗೆ ಹರವಿ ಬಿಳಿ ಮಾಡುತ್ತಿದ್ದರು. ಕ್ಷಾರ, ಹಬೆ, ಪೆಟ್ಟು, ಬಿಸಿಲು. ಹತ್ತಿಯ ಬಟ್ಟೆ ಇವು ನಾಲ್ಕನ್ನೂ ತಾಳುತ್ತದೆ. ಯಾವ ಬಟ್ಟೆ ಯಾರ ಮನೆಯದು ಎಂದು ಗುರುತಿಡಲು ಅವರು ಬಳಸುತ್ತಿದ್ದದ್ದು ಕೇರುಬೀಜದ ರಸ; ಮರಾಠಿಯಲ್ಲಿ ಬಿಬ್ಬಾ. ಸುಣ್ಣ ತಾಗಿದರೆ ಕಪ್ಪಾಗಿ, ಬಟ್ಟೆ ಹರಿದರೂ ಹೋಗದೆ ಉಳಿಯುವ ಗುರುತು ಅದು. ಎಲ್ಲ ಕಲೆಗಳನ್ನು ತೆಗೆಯುವವರು ತಮ್ಮ ಕೆಲಸಕ್ಕೆ ಎಂದೂ ಹೋಗದ ಕಲೆಯೊಂದನ್ನು ಆರಿಸಿಕೊಂಡಿದ್ದರು. ಅದರ ಹಿಂದಿನ ತಿಳಿವಳಿಕೆ ಸಣ್ಣದಲ್ಲ.

ಊರಿನ ದೊಡ್ಡ ಬಣ್ಣದ ಹಬ್ಬ ರಂಗಪಂಚಮಿ, ಹೋಳಿಯ ಐದನೆಯ ದಿನ. ಪೇಶ್ವೆಗಳ ಕಾಲದಿಂದಲೂ ಅದು ಪುಣೆಗೆ ದೊಡ್ಡದು. ಆಗ ಆಡುತ್ತಿದ್ದದ್ದು ಮುತ್ತುಗದ ಹೂವು ಕುದಿಸಿದ ಕೇಸರಿ ನೀರು, ಕುಸುಬೆ ಹೂವಿನ ಕೆಂಪು. ನಮ್ಮ ವಿಜಾಪುರದ ಕಡೆ ಕುಸುಬೆ ಎಂದರೆ ಎಣ್ಣೆ. ಆದರೆ ಅದರ ಹೂವಿನಲ್ಲಿ ಎರಡು ಬಣ್ಣಗಳಿವೆ: ನೀರಿಗೆ ಬಿಟ್ಟುಕೊಡುವ ಹಳದಿ, ಕ್ಷಾರಕ್ಕೆ ಮಾತ್ರ ಬಿಟ್ಟುಕೊಡುವ ಕೆಂಪು. ಆ ಕೆಂಪು ನೋಡಲು ಬಲು ಚೆಂದ, ಬಾಳಿಕೆ ಮಾತ್ರ ಇಲ್ಲ. ಬಿಸಿಲಿಗೆ ಮಾಸುತ್ತದೆ, ಸಾಬೂನು ಕಂಡರೆ ಓಡುತ್ತದೆ. ಆಟಕ್ಕೆ ಅದಕ್ಕಿಂತ ಒಳ್ಳೆಯ ಬಣ್ಣ ಬೇಕಿರಲಿಲ್ಲ. ಬಾಳುವ ಕೆಂಪು ಬೇಕಾದರೆ ನಮ್ಮ ಸೀಮೆಯವರು ಸುರಂಜಿ ಬೇರಿನ ಕಡೆ ಹೋಗುತ್ತಿದ್ದರು. ಅದರ ದಾರಿ ಉದ್ದ, ಎಣ್ಣೆ ಮತ್ತು ಪಟಿಕ ಬೇಕು, ತಾಳ್ಮೆ ಬೇಕು. ಆಟದ ಬಣ್ಣ ಬೇರೆ, ಬಾಳುವ ಬಣ್ಣ ಬೇರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಈ ಗೆರೆ ಅಳಿಸಿಹೋದದ್ದು 1856ರ ನಂತರ. ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲ ಟಾರಿನ ಪದಾರ್ಥದಿಂದ ಮಲೇರಿಯಾದ ಕ್ವಿನೀನ್ ಮಾಡಲು ಹೋಗಿ ನೇರಳೆ ಬಣ್ಣ ಪಡೆದ. ಅಲ್ಲಿಂದ ಮುಂದೆ ಬಣ್ಣ ಹೊಲ ಬಿಟ್ಟು ಕಾರ್ಖಾನೆ ಸೇರಿತು. 1869ರ ಹೊತ್ತಿಗೆ ಮಂಜಿಷ್ಠದ ಜಾತಿಯ ಬೇರುಗಳ ಕೆಂಪನ್ನು ಜರ್ಮನರು ಪ್ರಯೋಗಾಲಯದಲ್ಲಿ ಮಾಡಿದ್ದರು. 1897ರಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರಾಟಕ್ಕೆ ತಂದಿತು. ಆಮೇಲೆ ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ನೀಲಿಯ ಹೊಲಗಳು ಬರಿದಾದವು, ನಮ್ಮ ಹರವಿಗಳು ನೆಲದಲ್ಲೇ ಮಣ್ಣು ತುಂಬಿಸಿಕೊಂಡವು. ರಂಗಪಂಚಮಿಯ ಪೊಟ್ಟಣದಲ್ಲಿ ಹೂವಿನ ಜಾಗಕ್ಕೆ ರೋಡಮೈನ್, ಮ್ಯಾಲಕೈಟ್ ಹಸಿರು, ಮೀಥೈಲ್ ನೇರಳೆ ಬಂದು ಕೂತವು. ಒಂದು ಚಿಟಿಕೆ ಬಿಂದಿಗೆ ನೀರಿಗೆ ಸಾಕು. ರೇಷ್ಮೆ, ಉಣ್ಣೆ, ಚರ್ಮ, ಉಗುರು, ಪ್ಲಾಸ್ಟಿಕ್ಕು, ಯಾವುದನ್ನೂ ಬಿಡದೆ ಹಿಡಿಯುವ ಬಣ್ಣಗಳು ಇವು. ಮಕ್ಕಳ ಕೈಗೆ ಆಟಕ್ಕೆಂದು ಇವನ್ನು ಕೊಡುವುದು ತಪ್ಪು ಎಂದೇ ನನ್ನ ಗಟ್ಟಿ ಅಭಿಪ್ರಾಯ. ಸೀಟಿನ ಮಾತು ಬಿಡಿ, ಮಕ್ಕಳ ಕಣ್ಣು ಮತ್ತು ಚರ್ಮದ ಮಾತು ಅದು.

ಇಂಥ ಬಣ್ಣಗಳ ಬಗ್ಗೆ ಜಗತ್ತಿನಲ್ಲಿ ಅತಿ ಹೆಚ್ಚು ತಿಳಿದವರಲ್ಲಿ ಒಬ್ಬರು ಪುಣೆಯಲ್ಲೇ, ನಮ್ಮ ಪೇಟೆಯಿಂದ ಒಂದು ಬಸ್ಸಿನ ದೂರದಲ್ಲಿ ಇದ್ದರು. ಪಾಷಾಣ ಎಂಬ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು 1950ರ ಜನವರಿ 3ರಂದು ನೆಹರೂ ಉದ್ಘಾಟಿಸಿದರು. ಅದರ ಎರಡನೆಯ ನಿರ್ದೇಶಕ ಜಾರ್ಜ್ ಫಿಂಚ್ 1922ರ ಎವರೆಸ್ಟ್ ಯಾತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಏರಿದ ಮನುಷ್ಯ. 1957ರಲ್ಲಿ ಆ ಕುರ್ಚಿಗೆ ಬಂದ ಮೊದಲ ಭಾರತೀಯ ಕೆ. ವೆಂಕಟರಾಮನ್. ಮದ್ರಾಸಿನಲ್ಲಿ ಹುಟ್ಟಿ, ಲಾಹೋರಿನಲ್ಲಿ ಪಾಠ ಹೇಳಿ, ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವನ್ನು ಬೆಳೆಸಿ ಬಂದವರು. ಕೃತಕ ಬಣ್ಣಗಳ ರಸಾಯನಶಾಸ್ತ್ರದ ಬಗ್ಗೆ ಅವರು ಬರೆದ ಗ್ರಂಥದ ಮೊದಲೆರಡು ಸಂಪುಟಗಳು 1952ರಲ್ಲಿ ಬಂದವು. ಅವರ ಸಂಪಾದಕತ್ವದಲ್ಲಿ ಮುಂದುವರಿದು 1978ರ ಹೊತ್ತಿಗೆ ಎಂಟು ಸಂಪುಟಗಳಾದವು. ಜಗತ್ತಿನ ಬಣ್ಣದ ಕಾರ್ಖಾನೆಗಳ ಗ್ರಂಥಾಲಯಗಳಲ್ಲಿ ಇರಲೇಬೇಕಾದ ಪುಸ್ತಕ ಅದಾಯಿತು.

ನನಗೆ ಹೆಚ್ಚು ಹತ್ತಿರವಾಗಿ ಕಾಣುವುದು ಅವರ ಇನ್ನೊಂದು ಕೆಲಸ. ಮರದಿಂದ ಕಿತ್ತ ಅರಗನ್ನು ತೊಳೆದಾಗ ಕೆಂಪು ನೀರು ಬರುತ್ತದೆ. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವ ಅರಗೂ ಆ ತೊಳೆತವನ್ನು ದಾಟಿಯೇ ಬಂದದ್ದು. ಹಿಂದೆ ಆ ನೀರಿನಿಂದ ರೇಷ್ಮೆ, ಉಣ್ಣೆಗೆ ಬಣ್ಣ ಹಾಕುತ್ತಿದ್ದರು. ಕೃತಕ ಬಣ್ಣ ಬಂದ ಮೇಲೆ ಅದು ಚರಂಡಿ ಸೇರಿತು. ವೆಂಕಟರಾಮನ್ ಮತ್ತು ಅವರ ಶಿಷ್ಯರು 1960ರ ದಶಕದಲ್ಲಿ ಆ ಕೆಂಪಿನೊಳಗಿನ ಆಮ್ಲಗಳು ಯಾವುವು, ಅವುಗಳ ಕಟ್ಟಣೆ ಏನು ಎಂದು ಒಂದೊಂದಾಗಿ ಬಿಡಿಸಿದರು. ಕೃತಕ ಬಣ್ಣದ ಮಹಾಗ್ರಂಥ ಬರೆದವರು ಚರಂಡಿಗೆ ಹೋಗುವ ಹಳೆಯ ಬಣ್ಣವನ್ನೂ ಎತ್ತಿ ನೋಡಿದರು. ಅವರ ನಂತರ ಬಂದ ಬಿ. ಡಿ. ತಿಲಕ್ ಕೂಡ ಬಣ್ಣದ ವಿಜ್ಞಾನಿಯೇ. ತಿಲಕರ ಬಳಿಕ ನಿರ್ದೇಶಕರಾದ ಎಲ್. ಕೆ. ದೊರೈಸ್ವಾಮಿ ಬೆಂಗಳೂರಿನಲ್ಲಿ ಹುಟ್ಟಿದವರು.

ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಪ್ರಯೋಗಾಲಯದ ಬಾಗಿಲು ಊರಿನವರಿಗೆಲ್ಲ ತೆರೆಯುತ್ತದೆ. ಹಾಗೆ ಒಮ್ಮೆ ಹೋದಾಗ ಕಲೆ ಹತ್ತಿದ ವಿನೈಲಿನ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಪ್ಲಾಸ್ಟಿಕ್ಕಿನ ಮೇಜಿನ ಬಳಿ ನಿಂತಿದ್ದ ಸಂಶೋಧಕ ಹುಡುಗಿ ದಾವಣಗೆರೆಯವಳು. ನನ್ನ ಮರಾಠಿಯಲ್ಲಿ ಕನ್ನಡ ಕೇಳಿಸಿ, ‘ಸರ್, ಕನ್ನಡದಲ್ಲೇ ಹೇಳ್ರಿ’ ಎಂದಳು. ತುಂಡನ್ನು ಬೆರಳಿನಲ್ಲಿ ಮಡಿಸಿ ತೋರಿಸುತ್ತ ಅವಳು ಹೇಳಿದ್ದನ್ನು ನಾನು ಮರೆತಿಲ್ಲ. ನಾವು ರೆಕ್ಸಿನ್, ವಿನೈಲ್ ಎಂದೆಲ್ಲ ಕರೆಯುವ ಸೀಟಿನ ಮೇಲುಪದರ ಪಿವಿಸಿ. ಪಿವಿಸಿ ತಾನಾಗಿ ಪೈಪಿನಷ್ಟು ಗಡಸು. ಅಮೆರಿಕದ ವಾಲ್ಡೋ ಸೆಮನ್ 1926ರಲ್ಲಿ ಅದಕ್ಕೆ ಒಂದು ಬಗೆಯ ಎಣ್ಣೆಯಂಥ ದ್ರವ ಬೆರೆಸಿ ಬಾಗುವಂತೆ ಮಾಡಿದ. ಆ ದ್ರವವೇ ಪ್ಲಾಸ್ಟಿಸೈಸರ್. ನಮ್ಮ ಪೇಟೆಯ ರೆಕ್ಸಿನ್ ವ್ಯಾಪಾರಿಗಳು ಡಿಒಪಿ ಎಂದು ಕರೆಯುವುದು ಇದರಲ್ಲಿ ಒಂದು. ಮೆತ್ತನೆಯ ಸೀಟಿನ ಪದರದಲ್ಲಿ ಮೂರನೆಯ ಒಂದು ಪಾಲಿನಷ್ಟು ಈ ದ್ರವವೇ ಇರಬಹುದು. ಒಣಗಿದಂತೆ ಕಂಡರೂ ಅದು ಒಳಗೆ ದ್ರವವಾಗಿಯೇ ಇದೆ, ನಿಧಾನವಾಗಿ ಓಡಾಡುತ್ತಲೇ ಇರುತ್ತದೆ. ಬಟ್ಟೆಯ ಬಣ್ಣ ಮೇಲೆ ತಾಗಿದರೆ ಅದರಲ್ಲಿ ಕರಗಿ ಒಳಗೆ ನಡೆಯುತ್ತದೆ.

ಅಜ್ಜ ಹೇಳಿದ ‘ಕರಗಿ ಒಳಗ ಹೋಗಬೇಕು’ ಎಂಬುದನ್ನೇ ಇವಳು ಪಾಷಾಣದ ಭಾಷೆಯಲ್ಲಿ ಹೇಳಿದ್ದಳು. ಇಂಥ ಮಾತು ಸೀಟು ಹೊಲಿಯುವವರ ತನಕ ಬರಲು ಇಷ್ಟು ವರ್ಷ ಏಕೆ ಬೇಕಾಯಿತು ಎಂದು ನನಗೆ ಇಂದಿಗೂ ನೋವಿದೆ. ಬಣ್ಣದ ಎಂಟು ಸಂಪುಟಗಳು ಇದೇ ಊರಿನಲ್ಲಿ ಮುಗಿದವು. ಅದೇ ಊರಿನ ಪೇಟೆಯಲ್ಲಿ ಹುಡುಗರು ಥಿನ್ನರ್ ಸುರಿದು ಸೀಟು ಕೆಡಿಸುತ್ತಿದ್ದರು.

ಜೀನ್ಸಿನ ನೀಲಿಯ ಕತೆ ಇದಕ್ಕೆ ಸೇರಿಕೊಳ್ಳುತ್ತದೆ. 1980ರ ದಶಕದ ಕೊನೆಗೆ ಅಹಮದಾಬಾದಿನ ಅರವಿಂದ್ ಮಿಲ್ಸ್ ಡೆನಿಮ್ ನೇಯತೊಡಗಿದ ಮೇಲೆ ಜೀನ್ಸ್ ಕಾಲೇಜು ಹುಡುಗರಿಂದ ಇಳಿದು ಎಲ್ಲರ ಕಾಲಿಗೂ ಬಂತು. ನಮ್ಮ ಬಳ್ಳಾರಿಯಲ್ಲಿ ಓಣಿ ಓಣಿಗೆ ಜೀನ್ಸ್ ಹೊಲಿಯುವ, ತೊಳೆಯುವ ಘಟಕಗಳಾದವು. ಡೆನಿಮ್ಮಿನ ನೂಲಿಗೆ ನೀಲಿ ಹಾಕುವ ರೀತಿ ಇಳಕಲ್ಲಿನ ಚಂದ್ರಕಾಳಿಗೆ ಹಾಕುವ ರೀತಿಯಲ್ಲ. ಅಲ್ಲಿ ನೂಲು ಹೊರಗಷ್ಟೇ ನೀಲಿ, ಒಡಲು ಬೆಳ್ಳಗೆ. ಉಜ್ಜಿದಂತೆ ಮಾಸಿ ಬಿಳಿ ಕಾಣಬೇಕೆಂಬುದೇ ಅದರ ಅಂದ. ಮಾಸಿದ ಆ ನೀಲಿ ಎಲ್ಲಿಗಾದರೂ ಹೋಗಲೇಬೇಕಲ್ಲ? ಬಳ್ಳಾರಿಯಲ್ಲಿ ತೊಳೆದ ನೀರಿಗೆ ಹೋಗುತ್ತದೆ, ಪಾನ್‌ಶೇತಿನಲ್ಲಿ ಬಿಳಿ ಸೀಟಿಗೆ ಹೋಗುತ್ತದೆ. ಅಜ್ಜನಿಗೆ ಜೀನ್ಸ್ ತೋರಿಸಿದ್ದರೆ ಕೆಲಸ ಅರ್ಧಕ್ಕೇ ಬಿಟ್ಟಿದ್ದಾರೆ ಎನ್ನುತ್ತಿದ್ದ.

ಮಳೆಗಾಲ ಮುಗಿದ ಮೇಲೆ ಬರುವ ಇನ್ನೊಂದು ಕಲೆ ಬಹಳ ಜನರಿಗೆ ಬಗೆಹರಿಯುವುದಿಲ್ಲ. ಟಾರ್ಪಾಲಿನ ಕೆಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ದೋಣಿಯ ಸೀಟಿನಲ್ಲಿ ಗುಲಾಬಿ ಬಣ್ಣದ ಮೋಡಗಳು ಎದ್ದಿರುತ್ತವೆ. ಯಾರೂ ಕೂತಿಲ್ಲ, ಯಾವ ಬಟ್ಟೆಯೂ ತಾಗಿಲ್ಲ. ಮಾಲೀಕರು ಕಾವಲುಗಾರನ ಮೇಲೆ ಅನುಮಾನ ಪಡುತ್ತಾರೆ. ಪಾಪ, ಅವನದೇನೂ ತಪ್ಪಿಲ್ಲ. ಸೀಟಿನ ಒಳಗೆ, ವಿನೈಲಿನ ಬೆನ್ನಿಗಂಟಿದ ಬಟ್ಟೆ ಮತ್ತು ಫೋಮಿನ ತೇವದಲ್ಲಿ ಸ್ಟ್ರೆಪ್ಟೊಮೈಸಿಸ್ ಬಗೆಯ ಸೂಕ್ಷ್ಮಜೀವಿ ಬೆಳೆದು ಕೆಂಪು ಬಣ್ಣ ಮಾಡುತ್ತದೆ. ಆ ಬಣ್ಣ ಅದೇ ಪ್ಲಾಸ್ಟಿಸೈಸರಿನಲ್ಲಿ ಕರಗಿ ಹಿಂದಿನಿಂದ ಮುಂದಕ್ಕೆ ನಡೆದು ಬರುತ್ತದೆ. ಮೇಲಿನಿಂದ ತಿಕ್ಕಿ ತೆಗೆದರೂ ಒಳಗಿನ ತೇವ ಆರದಿದ್ದರೆ ಮತ್ತೆ ಬರುತ್ತದೆ. ಇಲ್ಲಿ ಮೊದಲ ಕೆಲಸ ಸ್ಟೇಪ್ಲರ್ ಪಿನ್ ಕಿತ್ತು, ಹೊದಿಕೆ ಬಿಚ್ಚಿ, ಫೋಮನ್ನು ಬಿಸಿಲಿಗೆ ಹಾಕುವುದು. ತಳದ ಪ್ಲೈವುಡ್ಡಿಗೆ ನೀರು ಇಳಿಯುವ ತೂತುಗಳನ್ನು ಕೊರೆಯುವುದು. ಪುಣೆಯ ಮಳೆಗಾಲಕ್ಕೆ ಹೊಂದುವ ಸೀಟು ಎಂದರೆ ಒಳಗಿನ ತೇವ 2 ದಿನದಲ್ಲಿ ಆರುವ ಸೀಟು.

ತೆಗೆಯುವ ಕ್ರಮ ಕೇಳಿದವರಿಗೆಲ್ಲ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಹೊಸ ಕಲೆಯಾದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಕೆಲವು ಹನಿ, ಮೆತ್ತನೆಯ ಬ್ರಷ್. ಜೀನ್ಸಿನ ನೀಲಿ ಅಂದೇ ಸಿಕ್ಕರೆ ಇಷ್ಟಕ್ಕೇ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್. ಅದನ್ನು ಸೀಟಿನ ಮೇಲೆ ಸುರಿಯಬಾರದು, ಬಿಳಿ ಹತ್ತಿಬಟ್ಟೆಗೆ ಹಾಕಿ ಒತ್ತಬೇಕು. ಬಟ್ಟೆಗೆ ನೀಲಿ ಬಂದ ಕೂಡಲೆ ಹೊಸ ಭಾಗಕ್ಕೆ ತಿರುಗಿಸಬೇಕು. ಇಲ್ಲದಿದ್ದರೆ ತೆಗೆದ ಬಣ್ಣವನ್ನೇ ಮತ್ತೆ ಹಾಕಿದಂತಾಗುತ್ತದೆ. ಆಮೇಲೆ ನೀರಿನಿಂದ ಒರೆಸಿ ಒಣಗಿಸಬೇಕು. ರಂಗಪಂಚಮಿಯ ಪುಡಿ ಬಿದ್ದಿದ್ದರೆ ಮಾತ್ರ ಕ್ರಮ ತಿರುಗುಮುರುಗು: ಮೊದಲು ಒಣಗಿದ್ದಂತೆಯೇ ಊದಿ, ಝಾಡಿಸಿ, ವ್ಯಾಕ್ಯೂಮ್ ಹಿಡಿದು ತೆಗೆಯಬೇಕು. ಒದ್ದೆ ಮಾಡಿದರೆ ಪುಡಿ ಆ ಕ್ಷಣಕ್ಕೇ ಬಣ್ಣವಾಗುತ್ತದೆ. ಸ್ಪಿರಿಟ್ ತಾಗಿದರೆ ರೋಡಮೈನ್ ಅಂಗೈ ಅಗಲದ್ದು ಮೊಳ ಅಗಲವಾಗುತ್ತದೆ.

ಹಳೆಯ ಕಲೆಗೆ, ಗುಲಾಬಿ ಮೋಡಕ್ಕೆ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಬಿಸಿಲು. ಹತ್ತಿಯನ್ನು ಅದರಲ್ಲಿ ನೆನೆಸಿ ಕಲೆಯ ಮೇಲಿಟ್ಟು, ಆರದಂತೆ ತೆಳು ಪ್ಲಾಸ್ಟಿಕ್ ಹೊದಿಸಿ ಬೆಳಗಿನ ಬಿಸಿಲಿಗೆ ಬಿಡುವುದು. ಕೈಗೆ ಗ್ಲೋವ್ಸ್ ಬೇಕು. ಸೀಟಿನ ಕೆಳಗೆ ಕಾಣದ ಮೂಲೆಯಲ್ಲಿ ಮೊದಲು ನೋಡಿರಬೇಕು. ಸಂಜೆ ತೊಳೆದು, ಬೇಕಿದ್ದರೆ ಮರುದಿನ ಮತ್ತೆ. ಬಣ್ಣ ಒಳಗೆ ನಡೆದು ಹೋದ ವೇಗದಲ್ಲೇ ಪೆರಾಕ್ಸೈಡ್ ಕೂಡ ಒಳಗೆ ನಡೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಪರೀಟರು ಹುಲ್ಲಿನ ಮೇಲೆ ಬಟ್ಟೆ ಹರವಿ ಸೂರ್ಯನಿಂದ ಮಾಡಿಸಿಕೊಳ್ಳುತ್ತಿದ್ದ ಕೆಲಸದ ಜಾತಿಯೇ ಇದು. ಅಜ್ಜನ ಹೈಡ್ರೋಸ್ ಇಲ್ಲಿ ಸಲ್ಲುವುದಿಲ್ಲ. ಬಟ್ಟೆಗೆ ಹತ್ತಿದ ನೀಲಿಯನ್ನು ಅದು ಬಿಡಿಸುತ್ತದೆ; ಆದರೆ ಅದು ಕರಗುವುದು ನೀರಿನಲ್ಲಿ, ನೀರು ವಿನೈಲಿನ ಒಳಗೆ ಹೋಗುವುದಿಲ್ಲ.

ಥಿನ್ನರ್, ಪೆಟ್ರೋಲ್, ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಇವುಗಳ ಬಗ್ಗೆ ನಾನು ಕಟ್ಟುನಿಟ್ಟು. ಕಲೆ ತಕ್ಷಣ ಹೋದಂತೆ ಕಾಣುತ್ತದೆ, ಜೊತೆಗೆ ಮೇಲಿನ ಕಾವಲಿನ ಪದರವೂ ಒಳಗಿನ ಪ್ಲಾಸ್ಟಿಸೈಸರೂ ಹೋಗಿರುತ್ತವೆ. ಮುಂದಿನ ಬೇಸಿಗೆಗೆ ಆ ಜಾಗ ಗಡಸಾಗಿ ಬಿರಿಯುತ್ತದೆ. ಕಾವಲಿಲ್ಲದ ವಿನೈಲ್ ಹೊಸ ಬಣ್ಣವನ್ನು ಇನ್ನೂ ಬೇಗ ಕುಡಿಯುತ್ತದೆ. ಬ್ಲೀಚಿಂಗ್ ನೀರು ಹೊಲಿಗೆಯ ದಾರವನ್ನು ತಿನ್ನುತ್ತದೆ. ಈಚೆಗೆ ಮಾರುವ ಬಿಳಿ ಮೆಲಮೈನ್ ಸ್ಪಂಜು ಮಂತ್ರದ ಹಾಗೆ ಕೆಲಸ ಮಾಡುತ್ತದೆಂದು ಜನ ನಂಬಿದ್ದಾರೆ. ಅದು ಅತಿ ನಯವಾದ ಉಪ್ಪುಕಾಗದ, ಒಂದೆರಡು ಸಲ ಹಗುರವಾಗಿ ಆಡಿಸಬಹುದು, ಅಷ್ಟೇ.

ಎರಡು ಬೇಸಿಗೆ ಕಳೆದ ಕಲೆ ಪೂರ್ತಿ ಹೋಗುವುದು ಅಪರೂಪ. ಅಂಥದ್ದು ಬಂದರೆ ಆ ಪಟ್ಟಿಯನ್ನಷ್ಟೇ ಬಿಚ್ಚಿ, ಅಳತೆ ತೆಗೆದು, ಹೊಸ ಪಟ್ಟಿ ಜೋಡಿಸಿ ಹಳೆಯ ತೂತುಗಳಲ್ಲೇ ಹೊಲಿಗೆ ಹಾಯಿಸುತ್ತೇನೆ. ಸೀಟು ಪೂರ್ತಿ ಬದಲಿಸಿ ಎಂದು ಗಿರಾಕಿಗೆ ಹೇಳುವುದಿಲ್ಲ. ಬಿಚ್ಚಿದ ಬಿಳಿ ಪಟ್ಟಿಗಳು ಅಂಗಡಿಯಲ್ಲೇ ಉಳಿಯುತ್ತವೆ. ಇಂಡಿ ತಾಲೂಕಿನಿಂದ ಹೊಸದಾಗಿ ಬಂದ ಹುಡುಗನಿಗೆ ಮೊದಲು ಕೊಡುವ ಕೆಲಸ ಅವುಗಳದ್ದು. ಒಂದು ತುಂಡಿಗೆ ಒದ್ದೆ ಜೀನ್ಸ್ ಸುತ್ತಿ, ಮೇಲೆ ಕಲ್ಲು ಹೇರಿ, ತಗಡಿನ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಡುತ್ತಾನೆ. ಇನ್ನೊಂದಕ್ಕೆ ರಂಗಪಂಚಮಿಯ ಪೊಟ್ಟಣದ ಪುಡಿ. ಮತ್ತೊಂದನ್ನು ನೆನೆಸಿದ ಗೋಣಿಯಲ್ಲಿ ಕಟ್ಟಿ ಕತ್ತಲ ಮೂಲೆಗೆ. ಸೀಟಿಗೆ ಬಣ್ಣ ಹೇಗೆ ಹತ್ತುತ್ತದೆಂದು ತನ್ನ ಕೈಯಿಂದಲೇ ಮಾಡಿ ನೋಡಿದ ಮೇಲೆ ಅವನ ಕೈಗೆ ಸ್ಪಿರಿಟಿನ ಬಾಟಲಿ ಕೊಡುತ್ತೇನೆ.